ಜೋರು ಮಳೆಗೆ ಮಾತ್ರ ಕರ್ನೆಲ್ ಕುಸಿಯುತ್ತಿದೆ: ಮಳೆಮಾಪಕದ ಡ್ರೈವರ್‌ನಲ್ಲಿ ಮೆಮೊರಿ ತೊಂದರೆ

ಕದ್ರಿಗುಡ್ಡೆ:
ಮಂಗಳೂರಿನ ಮನೆಯ ತಾರಸಿಯಲ್ಲಿ ಬಟ್ಟಲು ಮಗುಚುವ ಮಳೆಮಾಪಕ ಇಟ್ಟಿದ್ದೇನೆ. ಒಮ್ಮೆ ಮಗುಚಿದರೆ 0.2 ಮಿ.ಮೀ. ಮಳೆ ಎಂದು ಲೆಕ್ಕ. ಅದರ ರೀಡ್ ಸ್ವಿಚ್ಚನ್ನು (ಅಯಸ್ಕಾಂತ ಹತ್ತಿರ ಬಂದರೆ ಕೂಡಿಕೊಳ್ಳುವ ಸ್ವಿಚ್) ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೇನೆ. ಲಿನಕ್ಸ್ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕಂಪೈಲ್ ಮಾಡಿದವನೂ ಅದಕ್ಕೆ ಸೇರುವ ಮಾಪಕದ ಡ್ರೈವರ್ ಮಾಡ್ಯೂಲ್ ಬರೆದವನೂ ನಾನೇ.

ಇಂಟರಪ್ಟ್ (ಸ್ವಿಚ್ ಕೊಡುವ ತುರ್ತು ಸೂಚನೆ) ಬಂದಾಗ, ಮೆಮೊರಿ ಕೊಡುವ ಕೆಮ್ಯಾಲಾಕ್‌ನಿಂದ (ಜಿಎಫ್‌ಪಿ_ಕರ್ನೆಲ್ ಆಯ್ಕೆಯೊಂದಿಗೆ) ಒಂದು ನೋಡ್, ಅಂದರೆ ಪಟ್ಟಿಯ ಒಂದು ಕೊಂಡಿ, ಪಡೆದು, ಸಮಯ ಬರೆದು, ಪಟ್ಟಿಯ ಕೊನೆಗೆ ಸೇರಿಸಿ, ಕಾದಿರುವ ಪ್ರೋಗ್ರಾಮನ್ನು ಎಬ್ಬಿಸುತ್ತೇನೆ. ಆ ಪ್ರೋಗ್ರಾಂ ಓದಲು ಬಂದಾಗ ಓಡುವ ರೀಡ್ ಫಂಕ್ಷನ್ನು ಲಿಸ್ಟ್_ಫಾರ್_ಈಚ್_ಎಂಟ್ರಿ ಲೂಪಿನಲ್ಲಿ ಪಟ್ಟಿಯನ್ನು ಸುತ್ತುತ್ತಾ ಪ್ರತಿ ನೋಡನ್ನು ಕಾಪಿ_ಟು_ಯೂಸರ್ ಮಾಡಿ (ಪ್ರೋಗ್ರಾಮಿಗೆ ನಕಲಿಸಿ) ಅಲ್ಲೇ ಕೆಫ್ರೀ ಮಾಡುತ್ತದೆ (ಮೆಮೊರಿ ಬಿಟ್ಟುಕೊಡುತ್ತದೆ). ಕೊನೆಗೆ ಇನಿಟ್_ಲಿಸ್ಟ್_ಹೆಡ್‌ನಿಂದ ಪಟ್ಟಿಯನ್ನು ಖಾಲಿ ಮಾಡುತ್ತದೆ. ಸ್ವಿಚ್ಚಿನ ಕಂಪನದಿಂದ ಒಂದು ಮಗುಚುವಿಕೆಗೆ ಮೂರು ನಾಲ್ಕು ಇಂಟರಪ್ಟ್ ಬರುವುದುಂಟು, ಹೆಚ್ಚಿನದನ್ನು ಪ್ರೋಗ್ರಾಮೇ ಬಿಟ್ಟುಬಿಡುತ್ತದೆ.

ಜಿನುಗು ಮಳೆಗೆ ದಿನಗಟ್ಟಲೆ ಓಡುತ್ತದೆ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆ ಹೊಡೆಯತೊಡಗಿದರೆ ಊಪ್ಸ್ (ಕರ್ನೆಲ್‌ನ ದೋಷ ವರದಿ). ಕುಸಿಯುವ ಜಾಗವೂ ಒಂದೇ ಅಲ್ಲ. ಒಮ್ಮೆ ನೆಟ್‌ವರ್ಕ್ ಕೋಡ್, ಒಮ್ಮೆ ಫೈಲ್ ಸಿಸ್ಟಮ್. ಪೆಟ್ಟಿಗೆಯೊಳಗೆ ನೀರು ಹೋಗಿಲ್ಲ. ಇಂಟರಪ್ಟ್‌ಗಳ ಹೊರೆ ಹೆಚ್ಚಾಯಿತೇ?

ಪರ್ಕಳದವ:
ಹೊರೆ ಅಲ್ಲ ಮಾರಾಯರೇ. ಗಂಟೆಗೆ 100 ಮಿ.ಮೀ. ಸುರಿದರೂ ಬಟ್ಟಲು ಮಗುಚುವುದು 500 ಸಲ, ಏಳು ಸೆಕೆಂಡಿಗೊಮ್ಮೆ. ಕಂಪನ ಸೇರಿಸಿದರೂ ಪೈಗೆ ಅದು ಲೆಕ್ಕಕ್ಕಿಲ್ಲ. ಸಂಬಂಧವೇ ಇಲ್ಲದ ಜಾಗಗಳಲ್ಲಿ ಕುಸಿಯುತ್ತಿದೆ ಎಂದರೆ ಬಿಟ್ಟುಕೊಟ್ಟ ಮೆಮೊರಿಯ ಮೇಲೆ ಯಾರೋ ಬರೆಯುತ್ತಿದ್ದಾರೆ. ಬೂಟ್ ಸಾಲಿಗೆ ಮೆಮೊರಿ ತಪಾಸಣೆಯ ಆಯ್ಕೆ ಸ್ಲಬ್_ಡಿಬಗ್=ಎಫ್‌ಝಡ್‌ಪಿಯು ಸೇರಿಸಿ, ಮಾಪಕಕ್ಕೆ ಒಂದು ಚೊಂಬು ನೀರು ಹೊಯ್ದು ನೋಡಿ.

ಕದ್ರಿಗುಡ್ಡೆ:
ಚೊಂಬು ಬೇಕಾಗಲಿಲ್ಲ. ಬಟ್ಟಲು ಮೊದಲ ಸಲ ಮಗುಚಿದಾಗಲೇ ಕುಸಿಯಿತು, ಅದೂ ನನ್ನದೇ ರೀಡ್ ಫಂಕ್ಷನ್‌ನಲ್ಲಿ. ರಿಜಿಸ್ಟರ್‌ನಲ್ಲಿ 6ಬಿ6ಬಿ6ಬಿ6ಬಿ ಎಂದು ಉದ್ದಕ್ಕೂ ಇದೆ.

ಪರ್ಕಳದವ:
ಕಳ್ಳ ಸಿಕ್ಕಿದ. ಆ ಆಯ್ಕೆಯಲ್ಲಿನ 'ಪಿ' ಅಕ್ಷರದಿಂದಾಗಿ, ಕೆಫ್ರೀ ಆದ ಕೂಡಲೇ ಕರ್ನೆಲ್ ಆ ಜಾಗದ ತುಂಬ 6ಬಿ ಬರೆಯುತ್ತದೆ. ನಿಮ್ಮ ಲೂಪ್ ನೋಡನ್ನು ಕೆಫ್ರೀ ಮಾಡಿದ ಮೇಲೆ ಮುಂದಿನದು ಎಲ್ಲಿದೆ ಎಂದು ಅದೇ ನೋಡನ್ನು ಕೇಳುತ್ತಿದೆ. ಮಾಮೂಲಿ ದಿನಗಳಲ್ಲಿ ಹಳೆಯ ಪಾಯಿಂಟರ್ (ಮುಂದಿನ ನೋಡಿನ ವಿಳಾಸ) ಅಳಿಯದೆ ಹಾಗೇ ಉಳಿದಿರುತ್ತಿತ್ತು, ಆದ್ದರಿಂದ ಪಾರಾಗುತ್ತಿದ್ದಿರಿ. ಆ ಆಯ್ಕೆ ಇಲ್ಲದಾಗ ಕೆಫ್ರೀ ಏನನ್ನೂ ಒರೆಸುವುದಿಲ್ಲ, ಇನ್ನೊಬ್ಬರಿಗೆ ಕೊಡಬಹುದು ಎಂದು ಗುರುತು ಹಾಕಿಕೊಳ್ಳುತ್ತದೆ ಅಷ್ಟೇ.

ನೆಟ್‌ವರ್ಕ್ ಕೋಡ್ ಕೆಟ್ಟದ್ದು ಬೇರೆ ದಾರಿಯಲ್ಲಿ. ಮೊದಲ ಕಂಪನಕ್ಕೇ ನಿಮ್ಮ ಪ್ರೋಗ್ರಾಂ ಎದ್ದು ಪ್ರೊಸೆಸರಿನ ಇನ್ನೊಂದು ಕೋರ್‌ನಲ್ಲಿ ನೋಡುಗಳನ್ನು ಬಿಡತೊಡಗುತ್ತದೆ. ಅಷ್ಟರಲ್ಲಿ ಎರಡನೆಯ ಕಂಪನ ಬಂದು ಪಟ್ಟಿಯ ಕೊನೆಗೆ ಹೊಸ ನೋಡ್ ಸೇರಿಸುತ್ತದೆ. ಸೇರಿಸುವುದೆಂದರೆ ಹಳೆಯ ಕೊನೆಯ ನೋಡಿನೊಳಗೆ ಬರೆಯುವುದು. ಆ ನೋಡ್ ಆಗಲೇ ಬಿಡುಗಡೆಯಾಗಿ ನೆಟ್‌ವರ್ಕಿನ ಪಾಲಾಗಿದ್ದರೆ? ಮಳೆ ಜೋರಾದಷ್ಟೂ ಈ ಡಿಕ್ಕಿಗೆ ಅವಕಾಶ ಹೆಚ್ಚು.

ಹಾಗೆಂದು ಬರೀ ಲಿಸ್ಟ್_ಫಾರ್_ಈಚ್_ಎಂಟ್ರಿ_ಸೇಫ್ ಹಾಕಿ ಸುಮ್ಮನಾಗಬೇಡಿ. ಆ 'ಸೇಫ್' ನಿಮ್ಮ ಲೂಪಿನೊಳಗಿನ ಅಳಿಸುವಿಕೆಗೆ ಮಾತ್ರ. ಬೇರೆ ಕೋರ್‌ನಿಂದ ರಕ್ಷಣೆ ಕೊಡುವುದಿಲ್ಲ. ರೀಡ್ ಫಂಕ್ಷನ್‌ನಲ್ಲಿ ಸ್ಪಿನ್_ಲಾಕ್_ಐಆರ್‌ಕ್ಯೂಸೇವ್‌ನಿಂದ ಲಾಕ್ (ಒಮ್ಮೆಗೆ ಒಬ್ಬರೇ ಪಟ್ಟಿ ಮುಟ್ಟುವಂತೆ ಮಾಡುವ ಬೀಗ) ಹಿಡಿದು, ಲಿಸ್ಟ್_ಸ್ಪ್ಲೈಸ್_ಇನಿಟ್‌ನಿಂದ ಇಡೀ ಪಟ್ಟಿಯನ್ನು ಫಂಕ್ಷನ್‌ನದೇ ಆದ ಸ್ಥಳೀಯ ಪಟ್ಟಿಯ ತಲೆಗೆ ವರ್ಗಾಯಿಸಿ, ಲಾಕ್ ಬಿಡಿ. ಆಮೇಲೆ ನಿಧಾನವಾಗಿ ನಕಲು ಮಾಡಿ, ಕೆಫ್ರೀ ಮಾಡಿ. ಕಾಪಿ_ಟು_ಯೂಸರ್ ನಿದ್ರಿಸಬಹುದಾದ (ನಡುವೆ ನಿಂತು ಕಾಯಬಹುದಾದ) ಕರೆ, ಸ್ಪಿನ್‌ಲಾಕ್ ಹಿಡಿದುಕೊಂಡು ಅದನ್ನು ಕರೆಯುವಂತಿಲ್ಲ. ಇಂಟರಪ್ಟ್ ಕಡೆಯಲ್ಲೂ ಅದೇ ಲಾಕ್ ಹಿಡಿಯಬೇಕು. ಬಳಕೆದಾರರ ಬಫರ್ ಚಿಕ್ಕದಿದ್ದು ನೋಡುಗಳು ಉಳಿದರೆ, ಮತ್ತೆ ಲಾಕ್ ಹಿಡಿದು ಪಟ್ಟಿಯ ಮುಂಭಾಗಕ್ಕೆ ಮರಳಿಸಿ.

ಹೆಜಮಾಡಿ:
ಇಂಟರಪ್ಟ್‌ನೊಳಗೆ ಜಿಎಫ್‌ಪಿ_ಕರ್ನೆಲ್ ಇರುವುದನ್ನು ಯಾರೂ ಹೇಳಲಿಲ್ಲ. ಮೆಮೊರಿ ಸಾಲದಿದ್ದರೆ ಆ ಕರೆ ಬೇರೆಡೆಯಿಂದ ಹೊಂದಿಸಿಕೊಡಲು ನಿದ್ರಿಸುತ್ತದೆ. ಇಂಟರಪ್ಟ್‌ನಲ್ಲಿ ನಿದ್ರೆಗೆ ಜಾಗವಿಲ್ಲ. ನಿದ್ರಿಸದ ಜಿಎಫ್‌ಪಿ_ಅಟಾಮಿಕ್ ಬೇಕು, ಅದು ಬರಿಗೈಯಲ್ಲಿ ಮರಳಬಹುದು, ಆದ್ದರಿಂದ ನಲ್ (ಖಾಲಿ ವಿಳಾಸ) ಪರೀಕ್ಷೆ ಕಡ್ಡಾಯ. ಕರ್ನೆಲ್ ಹೇಗೂ ನಿಮ್ಮದೇ ಆದ್ದರಿಂದ ಡಿಬಗ್_ಅಟಾಮಿಕ್_ಸ್ಲೀಪ್ ಹಾಕಿ ಕಂಪೈಲ್ ಮಾಡಿ, ಇಂಥ ತಪ್ಪನ್ನು ಅದು ಲಾಗ್‌ನಲ್ಲಿ ಹೆಸರು ಹಿಡಿದು ಹೇಳುತ್ತದೆ.

ನನ್ನನ್ನು ಕೇಳಿದರೆ ಅಲ್ಲಿ ಕೆಮ್ಯಾಲಾಕೇ ಬೇಡ. ಎಂಟು ಬೈಟಿನ ಸಮಯಕ್ಕೆ ನೋಡ್ ಯಾಕೆ, ಪಟ್ಟಿ ಯಾಕೆ? 256 ಸಮಯಗಳ ಕೆಫಿಫೋ (ಮೊದಲು ಬಂದದ್ದು ಮೊದಲು ಹೋಗುವ ಸರದಿ) ಇಟ್ಟರೆ 2 ಕೆಬಿ. ಮಾಡ್ಯೂಲ್ ಏರುವಾಗ ಒಮ್ಮೆ ಪಡೆಯಿರಿ, ಇಳಿಯುವಾಗ ಒಮ್ಮೆ ಬಿಡಿ. ಬರೆಯುವವ ಒಬ್ಬ, ಓದುವವ ಒಬ್ಬ ಇದ್ದರೆ ಲಾಕ್ ಕೂಡ ಬೇಡ.

ಪರ್ಕಳದವ:
ಒಪ್ಪಿದೆ, ಇದು ನನ್ನದಕ್ಕಿಂತ ಚೊಕ್ಕ. ಓದುವ ಪ್ರೋಗ್ರಾಂ ಎರಡಾದರೆ ಮಾತ್ರ ಓದುವ ಬದಿಗೆ ಒಂದು ಮ್ಯೂಟೆಕ್ಸ್ ಲಾಕ್ ಹಾಕಿ. ಮಾಡ್ಯೂಲ್ ಇಳಿಸುವಾಗ ಮೊದಲು ಇಂಟರಪ್ಟ್ ಬಿಟ್ಟುಕೊಡುವ ಫ್ರೀ_ಐಆರ್‌ಕ್ಯೂ, ಆಮೇಲೆ ಕೆಫಿಫೋ_ಫ್ರೀ. ಓಡುತ್ತಿರುವ ಇಂಟರಪ್ಟ್ ಹ್ಯಾಂಡ್ಲರ್ ಮುಗಿಯುವ ತನಕ ಫ್ರೀ_ಐಆರ್‌ಕ್ಯೂ ಕಾಯುತ್ತದೆ. ಕ್ರಮ ಅದಲುಬದಲಾದರೆ ಇದೇ ರೋಗ ಮರುಕಳಿಸುತ್ತದೆ.

ಕದ್ರಿಗುಡ್ಡೆ:
ಕೆಫಿಫೋಗೆ ಬದಲಾಯಿಸಿದೆ. ನಿನ್ನೆ ರಾತ್ರಿಯ ಮಳೆಗೆ ಕುಸಿಯಲಿಲ್ಲ, ಲಾಗ್ ಕೂಡ ಶುಭ್ರವಾಗಿದೆ. ಸ್ಲಬ್_ಡಿಬಗ್ ಹಾಗೇ ಇರಲೇ?

ಹೆಜಮಾಡಿ:
ಈ ಮಳೆಗಾಲ ಮುಗಿಯುವವರೆಗೆ ಇರಲಿ, ಆಮೇಲೆ ತೆಗೆಯಿರಿ. ಪ್ರತಿ ಹಂಚಿಕೆಯೂ ನಿಧಾನವಾಗುತ್ತದೆ, ಮೆಮೊರಿಯೂ ಹೆಚ್ಚು ತಿನ್ನುತ್ತದೆ. ಆದರೆ ಮಳೆ ಎಣಿಸುವ ಪೈಗೆ ಬೇರೇನು ಅವಸರ?