ರಾತ್ರಿ ಹೊತ್ತು ಜ್ವರಕ್ಕೆ ಕ್ಯಾಷುವಾಲ್ಟಿಗೆ ಹೋಗುವುದು ತಪ್ಪೇ?

ಪ್ರಶ್ನೆ (ಮಾಟುಂಗದ ಹೋಟೆಲ್ ಕ್ಯಾಷಿಯರ್): ನಮಸ್ಕಾರ ಡಾಕ್ಟರೇ. ನಮ್ಮ ಹೋಟೆಲಿನ ಹುಡುಗನಿಗೆ ಮೂರು ದಿನದಿಂದ ಜ್ವರ, ಮೈಕೈ ನೋವು. ಹೋಟೆಲ್ ಮುಚ್ಚಿದ ಮೇಲೆ, ಮಧ್ಯರಾತ್ರಿಯ ಹೊತ್ತಿಗೆ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಕರೆದುಕೊಂಡು ಹೋದೆ. ನಮಗಿಂತ ಹಿಂದೆ ಬಂದವರನ್ನೆಲ್ಲ ಒಳಗೆ ಕರೆದರು. ಕೊನೆಗೆ, "ಇಷ್ಟಕ್ಕೆ ಇಲ್ಲಿಗೇಕೆ ಬಂದಿರಿ? ಬೆಳಿಗ್ಗೆ ಒಪಿಡಿಗೆ ಬನ್ನಿ" ಎಂದರು. ಬೆಳಿಗ್ಗೆ ಹೋದರೆ ಅವನ ದಿನದ ಸಂಬಳ ಹೋಗುತ್ತದೆ. ನಾವು ಮಾಡಿದ್ದು ತಪ್ಪೇ?

ಉತ್ತರ (ತುರ್ತು ವಿಭಾಗದ ವೈದ್ಯೆ): ತಪ್ಪಲ್ಲ. "ಇಷ್ಟಕ್ಕೆ" ಎಂದು ಕೇಳಿದ ರೀತಿ ಸರಿಯಲ್ಲ. ಜ್ವರ ಸಾಧಾರಣವೋ ಅಪಾಯದ್ದೋ ಎಂದು ಹೇಳಬೇಕಾದವರು ವೈದ್ಯರು, ರೋಗಿಯಲ್ಲ. ಆದರೆ ಕಾಯಿಸಿದ್ದಕ್ಕೆ ಕಾರಣವಿದೆ. ಕ್ಯಾಷುವಾಲ್ಟಿಯಲ್ಲಿ ಬಂದ ಸರದಿ ಲೆಕ್ಕಕ್ಕಿಲ್ಲ. ನಾಡಿ, ರಕ್ತದೊತ್ತಡ, ಉಸಿರಾಟ, ಆಮ್ಲಜನಕದ ಮಟ್ಟ, ಪ್ರಜ್ಞೆ ನೋಡಿ ರೋಗಿಗಳನ್ನು ಕೆಂಪು (ತಕ್ಷಣ ನೋಡಬೇಕಾದವರು), ಹಳದಿ (ಬೇಗ ನೋಡಬೇಕಾದವರು), ಹಸಿರು (ಕಾಯಬಹುದಾದವರು) ಎಂದು ವಿಂಗಡಿಸುತ್ತೇವೆ. ಲೋಕಲ್ ರೈಲಿನಿಂದ ಬಿದ್ದವನು ಸ್ಟ್ರೆಚರಿನಲ್ಲಿ ಬಂದರೆ ಹಸಿರಿನವರು ಕಾಯಲೇಬೇಕು. ರಾತ್ರಿ ಪಾಳಿಯಲ್ಲಿ ವೈದ್ಯರು ಕೆಲವೇ ಮಂದಿ. ಬಿಪಿ ಮಾತ್ರೆ ಮುಗಿದವರು, ರಜೆಗೆ ಸರ್ಟಿಫಿಕೇಟ್ ಬೇಕಾದವರು, ಹಳೆಯ ಗಾಯದ ಡ್ರೆಸ್ಸಿಂಗ್ ಬದಲಿಸಬೇಕಾದವರು ಆಗ ಬಂದರೆ ನಿಜಕ್ಕೂ ಕಷ್ಟವಾಗುತ್ತದೆ.

ಹುಡುಗನ ವಿಷಯಕ್ಕೆ ಬರುತ್ತೇನೆ. ಮಳೆಗಾಲದ ಮುಂಬಯಿಯಲ್ಲಿ ಮೂರು ದಿನದ ಜ್ವರ ಎಂದರೆ ಮಲೇರಿಯಾ, ಡೆಂಗಿ, ಲೆಪ್ಟೊ (ಇಲಿಜ್ವರ) ಮೂರನ್ನೂ ನೆನೆಯಬೇಕು. ರಕ್ತಪರೀಕ್ಷೆ ಆಗಲೇಬೇಕು. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಬ್ರೂಫೆನ್, ಆಸ್ಪಿರಿನ್ ನುಂಗಿಸಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಡೆಂಗಿಯಲ್ಲಿ ಜನ ಮೋಸಹೋಗುವುದು ಜ್ವರ ಇಳಿದಾಗ. "ವಾಸಿಯಾಯಿತು" ಎಂದು ಹುಡುಗ ಮತ್ತೆ ಒಲೆಯ ಮುಂದೆ ನಿಲ್ಲುತ್ತಾನೆ. ಕೆಡುವುದಿದ್ದರೆ ಸಾಮಾನ್ಯವಾಗಿ ಆಗಲೇ ಕೆಡುತ್ತದೆ: ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ವಿಪರೀತ ಸುಸ್ತು. ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ಕ್ಯಾಷುವಾಲ್ಟಿಗೇ ಬನ್ನಿ.

ಇವು ಯಾವುವೂ ಇಲ್ಲದಿದ್ದರೆ ಪಾಲಿಕೆಯ "ಆಪ್ಲಾ ದವಾಖಾನಾ"ಗಳಿವೆ. 2022ರಲ್ಲಿ ಶುರುವಾದವು. ಹಲವು ಕೇಂದ್ರಗಳು ರಾತ್ರಿ ಹತ್ತರವರೆಗೂ ತೆರೆದಿರುತ್ತವೆ. ತಪಾಸಣೆ, ಔಷಧಿ ಉಚಿತ. ನಿಮ್ಮ ಹತ್ತಿರದ ಕೇಂದ್ರದ ಸಮಯ ವಿಚಾರಿಸಿಟ್ಟುಕೊಳ್ಳಿ. ಮಾಲೀಕರಿಗೂ ಒಂದು ಮಾತು ಹೇಳುತ್ತೇನೆ: ಜ್ವರ ಬಂದ ಹುಡುಗನನ್ನು ಸಂಬಳ ಹಿಡಿಯದೆ ಸಂಜೆ ಒಂದೆರಡು ಗಂಟೆ ಬಿಡಿ. ಹಾಗೆ ಬಿಟ್ಟಿದ್ದರೆ ಅವನು ಮೂರು ದಿನ ಕಾಯುತ್ತಿರಲಿಲ್ಲ.

ಪ್ರಶ್ನೆ (ಡೊಂಬಿವಲಿಯ ಗೃಹಿಣಿ): ಮೇಡಂ, ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇದೆ. ರಾತ್ರಿ ಎದೆಯುರಿ ಎನ್ನುತ್ತಾರೆ. ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕೊಡುತ್ತೇವೆ. ಇಷ್ಟಕ್ಕೆ ಆಸ್ಪತ್ರೆಗೆ ಹೋದರೆ ನಗುವುದಿಲ್ಲವೇ?

ಉತ್ತರ: ಯಾರೂ ನಗುವುದಿಲ್ಲ, ದಯವಿಟ್ಟು ಹೋಗಿ. ಸಕ್ಕರೆ ಕಾಯಿಲೆಯವರಿಗೆ ಹೃದಯಾಘಾತದಲ್ಲೂ ಎದೆನೋವು ಇಲ್ಲದಿರಬಹುದು. ಬರೀ ಉರಿ, ಬೆವರು, ಏದುಸಿರು, ಸುಸ್ತು ಇರಬಹುದು. ಗ್ಯಾಸೋ ಹೃದಯವೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಆಗುವುದಿಲ್ಲ. ಇಂಥ ದೂರಿನವರಿಗೆ ಬಂದ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕೆಂಬುದು ನಮ್ಮ ನಿಯಮ. ಉರಿ ಬಂದಾಗಲೇ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಉಚಿತ. ಅವರು ನುಂಗುವ ಮಾತ್ರೆಗಳ ಚೀಟಿ, ಹಳೆಯ ಇಸಿಜಿ ಇದ್ದರೆ ಅದನ್ನೂ ಜೊತೆಗೆ ತನ್ನಿ. ಈಗ ಉರಿ ಇಲ್ಲದಿದ್ದರೂ ನಾಳೆಯೇ ವೈದ್ಯರಿಗೆ ತೋರಿಸಿ.