577001: ದಾವಣಗೆರೆಯ ಪಿನ್‌ಕೋಡ್ ಎರಡು ವರ್ಗಗಳ ಮೊತ್ತವಾಗುವುದಿಲ್ಲವೇಕೆ?

ಪ್ರಶ್ನೆ: ಪ್ರೌಢಶಾಲಾ ಗಣಿತ ಶಿಕ್ಷಕಿ, ದಾವಣಗೆರೆ

ಹತ್ತನೆಯ ತರಗತಿಯ ಮಕ್ಕಳಿಗೆ ನಮ್ಮೂರಿನ ಪಿನ್‌ಕೋಡ್ 577001 ಅನ್ನೇ ಕೊಟ್ಟು, ಅದು ಅವಿಭಾಜ್ಯವೋ ಸಂಯುಕ್ತವೋ ಎಂದು ಕೇಳಿದ್ದೆ. 19ರವರೆಗಿನ ಯಾವ ಅವಿಭಾಜ್ಯದಿಂದಲೂ ಭಾಗವಾಗದ ಕಾರಣ ಹೆಚ್ಚಿನವರು ಅದನ್ನು ಅವಿಭಾಜ್ಯವೆಂದೇ ಬರೆದರು. 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತವಾಗುತ್ತದೆ ಎಂಬ ಫರ್ಮಾನ ಪ್ರಮೇಯವನ್ನು ಓದಿಕೊಂಡಿದ್ದ ಒಬ್ಬ ಹುಡುಗಿ, ಈ ಸಂಖ್ಯೆಗೂ ಶೇಷ 1 ಬರುವುದರಿಂದ ಆ ವರ್ಗಗಳನ್ನು ಹುಡುಕತೊಡಗಿದಳು. 759ರ ವರ್ಗವನ್ನು ಕಳೆದರೆ 920, 758ರ ವರ್ಗವನ್ನು ಕಳೆದರೆ 2437. ಎರಡೂ ಪೂರ್ಣ ವರ್ಗಗಳಲ್ಲ. ಹೀಗೆ ಇಳಿಯುತ್ತ ನೋಟ್‌ಬುಕ್‌ನ ಮೂರು ಪುಟ ತುಂಬಿದರೂ ಉತ್ತರ ದೊರೆಯಲಿಲ್ಲ. ತಪ್ಪಿದ್ದೆಲ್ಲಿ?

ಉತ್ತರ 1: ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಮೇಡಂ, ಮಕ್ಕಳು ಒಂದೇ ಹೆಜ್ಜೆ ಮೊದಲು ನಿಂತಿದ್ದಾರೆ. 19ರ ನಂತರದ ಅವಿಭಾಜ್ಯ 23; 577001 = 23 × 25087. ಬಾಯಿಲೆಕ್ಕದಲ್ಲೇ ನೋಡಬಹುದು: 25000ದ 23 ಪಟ್ಟು 575000, 87ರ 23 ಪಟ್ಟು 2001. ಉಳಿದ 25087 ಅವಿಭಾಜ್ಯವೇ. ಅದನ್ನು ಖಚಿತಪಡಿಸಲು 157ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು.

ಉತ್ತರ 2: ನಿವೃತ್ತ ಗಣಿತ ಉಪನ್ಯಾಸಕ, ಚಿತ್ರದುರ್ಗ

ಆ ಹುಡುಗಿಯ ಮೂರು ಪುಟಗಳನ್ನು ದಯವಿಟ್ಟು ತಪ್ಪೆಂದು ಹೊಡೆದುಹಾಕಬೇಡಿ, ಏಕೆಂದರೆ ಅವಳು ಹುಡುಕಿದ್ದು ಇಲ್ಲವೇ ಇಲ್ಲ ಎಂಬುದನ್ನು ಸಾಧಿಸಿ ತೋರಿಸಬಹುದು. ವರ್ಗಸಂಖ್ಯೆಗಳನ್ನು 23ರಿಂದ ಭಾಗಿಸಿದಾಗ ಉಳಿಯುವ ಶೇಷಗಳು, ಸೊನ್ನೆಯನ್ನು ಬಿಟ್ಟರೆ, 1, 2, 3, 4, 6, 8, 9, 12, 13, 16 ಮತ್ತು 18 ಮಾತ್ರ. ಇವುಗಳಲ್ಲಿ ಯಾವ ಎರಡನ್ನು ಕೂಡಿಸಿದರೂ, ಒಂದನ್ನೇ ಎರಡು ಸಲ ಕೂಡಿಸಿದರೂ, 23 ಬರುವುದಿಲ್ಲ. ಆದ್ದರಿಂದ ಎರಡು ವರ್ಗಗಳ ಮೊತ್ತವು 23ರಿಂದ ಭಾಗವಾಗಬೇಕಾದರೆ ಎರಡೂ ವರ್ಗಗಳ ಮೂಲಗಳು 23ರಿಂದ ಭಾಗವಾಗಲೇಬೇಕು, ಆಗ ಮೊತ್ತವು 23ರ ವರ್ಗವಾದ 529ರಿಂದಲೂ ಭಾಗವಾಗಬೇಕು. ಆದರೆ 25087ರಲ್ಲಿ ಇನ್ನೊಂದು 23 ಇಲ್ಲ. ಶೇಷ 17 ಉಳಿಯುತ್ತದೆ.

ವರ್ಗಗಳ ವ್ಯತ್ಯಾಸವಾಗಿ ಮಾತ್ರ ಇದು ಸಲೀಸಾಗಿ ಒದಗುತ್ತದೆ: 12555ರ ವರ್ಗದಿಂದ 12532ರ ವರ್ಗವನ್ನು ಕಳೆದರೆ 577001.

ಶಿಕ್ಷಕಿ: ಧನ್ಯವಾದಗಳು ಸರ್. ಹಾಗಿದ್ದರೂ 4ರಿಂದ ಭಾಗಿಸಿದಾಗ ಶೇಷ 1 ಹೇಗೆ ಬಂತು?

ಉತ್ತರ 3: ಅದೇ ಉಪನ್ಯಾಸಕ

23 ಮತ್ತು 25087 ಎರಡಕ್ಕೂ ಶೇಷ 3. ಮೂರು ಮೂರಲೆ ಒಂಬತ್ತು, ಅದರಲ್ಲಿ 1 ಉಳಿಯುತ್ತದೆ. ಶೇಷ 3 ಇರುವ ಎರಡು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವನ್ನು ಗಣಕ ವಿಜ್ಞಾನಿ ಮಾನ್ಯುಯೆಲ್ ಬ್ಲಮ್ ಅವರ ಹೆಸರಿನಲ್ಲಿ ಬ್ಲಮ್ ಸಂಖ್ಯೆ ಎನ್ನುತ್ತಾರೆ. ಗೂಢಲಿಪಿ ಶಾಸ್ತ್ರದಲ್ಲಿ ಇಂಥ ಬಹು ದೊಡ್ಡ ಸಂಖ್ಯೆಗಳಿಗೆ ನಿಜವಾದ ಕೆಲಸವಿದೆ. ನಿಮ್ಮ ಪ್ರಶ್ನೆಯನ್ನು ಓದಿದ ಮೇಲೆ ನಮ್ಮ ಚಿತ್ರದುರ್ಗದ 577501 ಅನ್ನೂ ಕಾಗದದ ಮೇಲೆ ಬಿಡಿಸಿ ನೋಡಿದೆ. 271ರವರೆಗೆ ಹೋಗಬೇಕಾಯಿತು: 271 × 2131. ಎರಡೂ ಅವಿಭಾಜ್ಯಗಳು, ಎರಡಕ್ಕೂ ಶೇಷ 3. ಅದೂ ಬ್ಲಮ್ ಸಂಖ್ಯೆಯೇ.