ಕೆರೆ ಪಕ್ಕದ ಗೋಡೆಗೆ ಏನು ಬರೆಸೋಣ?

ಮೂರನೇ ಮಹಡಿ:
ನಮ್ಮದು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್. ಕಾಂಪೌಂಡ್ ದಾಟಿದರೆ ಕೆರೆ. ಸೊಳ್ಳೆ ಜಾಸ್ತಿಯಾದಾಗ ಬಿಟ್ಟರೆ ಅದರ ನೆನಪು ಯಾರಿಗೂ ಬರುವುದಿಲ್ಲ. ಈಗ ಅಸೋಸಿಯೇಷನ್‌ನವರಿಗೆ ಇದ್ದಕ್ಕಿದ್ದ ಹಾಗೆ ಪರಿಸರದ ಮೇಲೆ ಪ್ರೀತಿ ಉಕ್ಕಿದೆ. ಮಕ್ಕಳ ಕೈಲಿ ಗೋಡೆಗೆ ಹುಲಿ, ಪೆಂಗ್ವಿನ್, ಅಳುವ ಭೂಮಿ ಬರೆಸಬೇಕಂತೆ. ಹೊಂಗೆ ಮರಗಳ ಕಾಂಡಕ್ಕೂ ಪೇಂಟ್ ಹೊಡೆಸುತ್ತಾರಂತೆ! ಜವಾಬ್ದಾರಿ ನನ್ನ ತಲೆಗೆ ಕಟ್ಟಿದ್ದಾರೆ. ದೊಡ್ಡವರು ಮಕ್ಕಳು ಸೇರಿ ಮಾಡುವಂಥದ್ದು, ಆ ನೆಪದಲ್ಲಾದರೂ ಜನ ಕೆರೆ ಕಡೆ ತಿರುಗುವಂಥದ್ದು ಏನಾದರೂ ಇದೆಯಾ? ಬಜೆಟ್ ಕಡಿಮೆ.

ಹೆಜ್ಜಾರ್ಲೆ:
ಮೇಡಂ, ಮೊದಲು ಮರಕ್ಕೆ ಪೇಂಟ್ ಹೊಡೆಸುವುದನ್ನು ತಪ್ಪಿಸಿ. ತೊಗಟೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ, ಕಾಂಡ ಉಸಿರಾಡುವುದು ಅದರಿಂದಲೇ. ಇನ್ನು ಪೆಂಗ್ವಿನ್ ಯಾಕೆ? ಬೆಳಗ್ಗೆ ದಂಡೆಗೆ ಹೋದರೆ ಹಣೆಗೆ ಬಿಳಿ ನಾಮ ಇಟ್ಟ ನಾಮದ ಕೋಳಿ, ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ, ಹುಲ್ಲಿನ ನಡುವೆ ಅಲುಗಾಡದೆ ನಿಂತ ಕೊಳದ ಬಕ ಸಿಕ್ಕೇ ಸಿಗುತ್ತವೆ. ಕಂಡದ್ದನ್ನೇ ಬರೆಯಲಿ.

ಸಾಗರದ ಮಗಳು:
ನಾನು ಸಾಗರ ತಾಲ್ಲೂಕಿನವಳು, ದೀವರ ಸಮುದಾಯದ ಮನೆಯವಳು. ಈಗ ಇರುವುದು ಬನಶಂಕರಿಯಲ್ಲಿ. ನಮ್ಮಲ್ಲಿ ಹಸೆ ಚಿತ್ತಾರ ಅಂತ ಇದೆ. ಮದುವೆ ಮನೆಯ ಗೋಡೆಗೆ ಹೆಂಗಸರು ಬರೆಯುವುದು. ಅದರಲ್ಲಿ ಪೇಂಟ್ ಡಬ್ಬಿಗೆ ಕೆಲಸವೇ ಇಲ್ಲ. ಹಿನ್ನೆಲೆಗೆ ಕೆಮ್ಮಣ್ಣು, ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಕಲಾಗುವ ತನಕ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಬ್ರಷ್ ಬದಲು ಪುಂಡಿ ಗಿಡದ ನಾರು.

ಭೂಮಿ ಹುಣ್ಣಿಮೆಗೆ ಇದೇ ಚಿತ್ತಾರವನ್ನು ಬುಟ್ಟಿಯ ಮೇಲೆ ಬರೆಯುತ್ತೇವೆ. ಭೂಮಣ್ಣಿ ಬುಟ್ಟಿ ಅಂತ ಅದಕ್ಕೆ ಹೆಸರು. ಪೈರು ತೆನೆಗಟ್ಟುವ ಹೊತ್ತು, ಭೂಮಿತಾಯಿ ಬಸುರಿ ಅನ್ನುವ ನಂಬಿಕೆ. ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ಭೂಮಿಗೆ ಬಡಿಸಿ, ಆಮೇಲೆ ನಾವು ಊಟಕ್ಕೆ ಕೂರುವುದು. ಗದ್ದೆಗೆ ಎಡೆಯಾಗಿ ಬೀರುವ ಚರಗಕ್ಕೆ ಬಗೆಬಗೆಯ ಸೊಪ್ಪು ಬೇಕು. ಅಜ್ಜಿಯ ಹಿಂದೆ ಸೊಪ್ಪು ಕೊಯ್ಯಲು ಅಲೆದೇ ನನಗೆ ಗಿಡಗಳ ಹೆಸರು ಬಂದದ್ದು, ಶಾಲೆಯಲ್ಲಲ್ಲ.

ಅದಕ್ಕೇ ಹೇಳುವುದು, ಬಣ್ಣ ಅಂಗಡಿಯಿಂದ ತರಬೇಡಿ. ಮಣ್ಣು ಎಲ್ಲಿ ಕೆಂಪಗಿದೆ, ಯಾವ ಎಲೆ ಅರೆದರೆ ಹಸಿರು ನಿಲ್ಲುತ್ತದೆ ಅಂತ ಮಕ್ಕಳು ಹುಡುಕಿಕೊಂಡು ಹೋಗಲಿ. ಅರಿಶಿನಕ್ಕೆ ಸುಣ್ಣ ಕಲಸಿದ ಕೂಡಲೇ ಕೆಂಪಾಗುವುದನ್ನು ನೋಡಲಿ, ಕುಣಿದಾಡುತ್ತವೆ. ಗೋಡೆ ಹೇಗೆ ಕಂಡರೂ ನನಗೆ ಚಿಂತೆಯಿಲ್ಲ, ಆ ಹುಡುಕಾಟ ಮುಖ್ಯ. ಇನ್ನೊಂದು ಮಾತು. ಚಿತ್ತಾರವನ್ನೇ ಬರೆಸುವುದಾದರೆ ಮೊಬೈಲ್ ನೋಡಿ ನಕಲು ಮಾಡಬೇಡಿ. ಬರೆಯಲು ಬಲ್ಲ ಹೆಂಗಸರು ಇವತ್ತಿಗೂ ಇದ್ದಾರೆ. ಕರೆಸಿ, ಬಸ್ ಚಾರ್ಜ್ ಜೊತೆ ಸರಿಯಾದ ಸಂಭಾವನೆ ಕೊಡಿ.

ಕಲ್ಲುಬೆಂಚು:
ಚಿತ್ರ ಬರೆದು, ಫೋಟೋ ತೆಗೆದು, ಸಮೋಸ ತಿಂದು, ಪೇಪರ್ ಪ್ಲೇಟನ್ನು ಕೆರೆಗೇ ಎಸೆದು ಬರುವ ಪರಿಸರ ಪ್ರೇಮ ಸಾಕಷ್ಟು ನೋಡಿದ್ದೇನೆ. ಜರ್ಮನಿಯ ಕಾಸೆಲ್‌ನಲ್ಲಿ 1982ರಲ್ಲಿ ಯೋಸೆಫ್ ಬಾಯ್ಸ್ ಎಂಬ ಕಲಾವಿದ ಮ್ಯೂಸಿಯಂ ಎದುರಿಗೆ 7000 ಬಸಾಲ್ಟ್ ಕಲ್ಲು ರಾಶಿ ಹಾಕಿಸಿದ. ಒಂದು ಕಲ್ಲು ಎತ್ತಬೇಕಾದರೆ ಊರಲ್ಲಿ ಒಂದು ಮರ ನೆಟ್ಟು, ಅದರ ಪಕ್ಕ ಆ ಕಲ್ಲು ನಿಲ್ಲಿಸಬೇಕು. ಜನ ಬೈದುಕೊಂಡರು, ಆದರೆ ಗಿಡ ನೆಡದೆ ರಾಶಿ ಕರಗುವ ಹಾಗಿರಲಿಲ್ಲ. 1987ರಲ್ಲಿ ಕೊನೆಯ ಗಿಡ ನೆಡುವಾಗ ಬಾಯ್ಸ್ ಬದುಕಿರಲಿಲ್ಲ, ಮಗ ನೆಟ್ಟ. ನೀವೂ ಗೇಟಿನ ಮುಂದೆ ಮನೆಗೊಂದರಂತೆ ಕಲ್ಲು ಹಾಕಿಸಿ. ಕಾರು ತಿರುಗಿಸಲು ಕಷ್ಟವಾದರೆ ತಾನಾಗೇ ಗಿಡ ನೆಡುತ್ತಾರೆ.

ಮೂರನೇ ಮಹಡಿ:
ಕಲ್ಲಿನ ಐಡಿಯಾ ಕೇಳಿ ನಮ್ಮ ಸೆಕ್ರೆಟರಿ ಮುಖ ಸಪ್ಪಗಾಯಿತು! ಸಾಗರದ ಅಕ್ಕಾ, ನಿಮ್ಮ ಮಾತು ಹಿಡಿಸಿತು. ಆದರೆ ಅಕ್ಕಿ ಬಣ್ಣ ಒಂದು ಮಳೆಗೆ ತೊಳೆದುಹೋಗುವುದಿಲ್ವಾ? ಕಮಿಟಿಯವರು ಐದು ವರ್ಷ ಬಾಳಿಕೆ ಬರಬೇಕು ಅನ್ನುತ್ತಾರೆ.

ಸಾಗರದ ಮಗಳು:
ಹೋಗುತ್ತದೆ, ಹೋಗಲಿ ಬಿಡಿ. ಐದು ವರ್ಷ ಹಾಗೇ ಇದ್ದರೆ ಆರನೇ ತಿಂಗಳಿಂದ ಯಾರೂ ಆ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಪಂಪ್ ಮನೆಗೆ ಸೂರು ಇದ್ದರೆ ಅದರ ಕೆಳಗಿನ ಗೋಡೆ ಆರಿಸಿಕೊಳ್ಳಿ, ಸ್ವಲ್ಪ ಜಾಸ್ತಿ ದಿನ ಇರುತ್ತದೆ. ಭೂಮಿ ಹುಣ್ಣಿಮೆ ದಸರಾ ಮುಗಿದ ಮೇಲೆ ಬರುತ್ತದೆ, ವರ್ಷವೂ ಅವತ್ತೇ ಹೊಸದಾಗಿ ಬರೆಯಿರಿ. ಅಕ್ಕಿಗೆ ಇರುವೆ ಬಂದೇ ಬರುತ್ತವೆ, ಕಮಿಟಿಯವರಿಗೆ ಈಗಲೇ ಹೇಳಿಡಿ. ಮುಂದಿನ ವಾರ ಊರಿಗೆ ಹೋಗುತ್ತಿದ್ದೇನೆ. ಪುಂಡಿ ನಾರು ಎಷ್ಟು ಬೇಕು?